ಪ್ರಾಕ್ಟೀಸಿನಲ್ಲಿ ಬೀಳುವ ಚೆಂಡು ಮ್ಯಾಚಿನಲ್ಲಿ ಯಾಕೆ ಬೀಳಲ್ಲ?

ಪ್ರಶ್ನೆ: ಮಗಳು ಎಂಟನೇ ಕ್ಲಾಸು. ಬ್ಯಾಸ್ಕೆಟ್‌ಬಾಲ್ ಅಂದರೆ ಪ್ರಾಣ. ಪ್ರಾಕ್ಟೀಸಿನಲ್ಲಿ ಫ್ರೀ ಥ್ರೋ (ಫೌಲ್ ಆದಾಗ ಯಾರ ಅಡ್ಡಿಯೂ ಇಲ್ಲದೆ ಎಸೆಯಲು ಸಿಗುವ ಅವಕಾಶ) ಹತ್ತಕ್ಕೆ ಏಳು ಹಾಕುತ್ತಾಳೆ. ಮ್ಯಾಚಿನಲ್ಲಿ ಮಾತ್ರ ಕೈ ನಡುಗುತ್ತದೆ. ಚೆಂಡು ಸಿಕ್ಕ ತಕ್ಷಣ ಪಕ್ಕದವಳಿಗೆ ಪಾಸ್ ಕೊಟ್ಟುಬಿಡುತ್ತಾಳೆ. ‘ಶೂಟ್ ಮಾಡೇ’ ಅಂತ ಹೊರಗಿನಿಂದ ಎಷ್ಟು ಕೂಗಿದರೂ ಅಷ್ಟೇ. ಧೈರ್ಯ ಬರಲು ಏನು ಮಾಡಬೇಕು?
– ಒಬ್ಬ ತಾಯಿ, ಹಾಸನ

ಉತ್ತರ: ಮೊದಲು ಆ ಕೂಗು ನಿಲ್ಲಿಸಿ. ಕೋಚ್ ಒಂದು ಹೇಳುತ್ತಾರೆ, ನೀವು ಇನ್ನೊಂದು ಹೇಳುತ್ತೀರಿ. ಎದುರಿಗೆ ಅಡ್ಡಗಟ್ಟುವ ಡಿಫೆಂಡರ್ ಬೇರೆ. ಅವಳು ಯಾರ ಮಾತು ಕೇಳಬೇಕು?

ನೀವು ಬರೆದದ್ದು ನೋಡಿದರೆ ಅವಳಿಗೆ ಧೈರ್ಯ ಕಡಿಮೆ ಅಂತ ನನಗೆ ಅನಿಸುವುದಿಲ್ಲ. ಹತ್ತಕ್ಕೆ ಏಳು ಎಂಬ ಲೆಕ್ಕವೇ ಸ್ವಲ್ಪ ಮೋಸದ್ದು. ಒಂದೇ ಜಾಗದಲ್ಲಿ ನಿಂತು ಸಾಲಾಗಿ ಹತ್ತು ಎಸೆದರೆ ಮೂರನೆಯದಕ್ಕೇ ಕೈಗೆ ಅಳತೆ ಸಿಕ್ಕಿಬಿಡುತ್ತದೆ. ಮ್ಯಾಚಿನಲ್ಲಿ ಹಾಗೆ ಹತ್ತು ಯಾರು ಕೊಡುತ್ತಾರೆ? ಒಂದೋ ಎರಡೋ ಸಿಗುತ್ತವೆ, ಅದೂ ಓಡಿ ಏದುಸಿರು ಬಿಡುತ್ತಿರುವಾಗ.

ಆದ್ದರಿಂದ ಪ್ರಾಕ್ಟೀಸನ್ನೇ ಬದಲಿಸಬೇಕು. 28 ಮೀಟರ್ ಕೋರ್ಟಿನಲ್ಲಿ ಒಮ್ಮೆ ಜೋರಾಗಿ ಹೋಗಿ ಬಂದು, ತಕ್ಷಣ ಎರಡೇ ಫ್ರೀ ಥ್ರೋ ಹಾಕಲಿ. ಆಮೇಲೆ ಬೇರೆ ಡ್ರಿಲ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎರಡು. ಶುರುವಿನಲ್ಲಿ ಏಳು ಇದ್ದದ್ದು ನಾಲ್ಕಕ್ಕೆ ಇಳಿಯಬಹುದು. ಇಳಿಯುತ್ತದೆ ಅಂತ ಅವಳಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಸುಮ್ನೆ ಬೇಜಾರು ಮಾಡಿಕೊಳ್ಳುತ್ತಾಳೆ.

ರೆಫ್ರಿ ಚೆಂಡು ಕೈಗಿತ್ತ ಮೇಲೆ ಎಸೆಯಲು 5 ಸೆಕೆಂಡ್ ಇರುತ್ತದೆ. ಅದು ಧಾರಾಳವಾಯಿತು. ಎರಡು ಸಲ ಚೆಂಡು ತಟ್ಟಿ, ಉಸಿರು ಹೊರಗೆ ಬಿಟ್ಟು, ರಿಂಗ್ ನೋಡಿ ಎಸೆಯಲಿ. ಪ್ರತಿ ಸಲವೂ ಇದೇ ಕ್ರಮ. ಕೈ ನಡುಗಿದರೂ ಮುಂದೇನು ಮಾಡಬೇಕು ಅಂತ ಯೋಚಿಸುವ ಕೆಲಸ ಇರುವುದಿಲ್ಲ.

ಇನ್ನು ಆ ಪಾಸಿನ ವಿಷಯ. ಮುಂದಿನ ಮ್ಯಾಚಿನಲ್ಲಿ ಅವಳ ಮೊಣಕಾಲು ಗಮನಿಸಿ. ನೆಟ್ಟಗೆ ನಿಂತು ಚೆಂಡು ಹಿಡಿಯುತ್ತಿದ್ದಾಳೆ ಅನಿಸುತ್ತದೆ. ಈ ವಯಸ್ಸಿನಲ್ಲಿ ಇದು ತುಂಬ ಸಾಮಾನ್ಯ. ಹಿಡಿದ ಮೇಲೆ ಮಂಡಿ ಬಗ್ಗಿಸಿ, ರಿಂಗ್ ಹುಡುಕುವಷ್ಟರಲ್ಲಿ ಡಿಫೆಂಡರ್ ಮೈಮೇಲೆ ಬಂದಿರುತ್ತಾಳೆ. ಆಗ ಪಾಸ್ ಬಿಟ್ಟು ಬೇರೆ ದಾರಿ ಇಲ್ಲ. ಹೊರಗೆ ಕೂತವರಿಗೆ ಅದು ಹೆದರಿಕೆ ಥರ ಕಾಣುತ್ತದೆ, ಅಲ್ವಾ? ಚೆಂಡು ಬರುವ ಮೊದಲೇ ಮಂಡಿ ಬಗ್ಗಿರಬೇಕು, ಡಿಫೆಂಡರ್ ಎಲ್ಲಿದ್ದಾಳೆ ಅಂತ ಒಮ್ಮೆ ನೋಡಿರಬೇಕು.

ಇದಕ್ಕೆ ತಂಡಕ್ಕೆ ಮೂರೇ ಜನ ಇರುವ ಆಟ (3x3) ಒಳ್ಳೆಯದು. ಅರ್ಧ ಕೋರ್ಟು, ಒಂದೇ ರಿಂಗ್. ಅಧಿಕೃತ 3x3 ಆಟದಲ್ಲಿ 12 ಸೆಕೆಂಡಿನೊಳಗೆ ಶೂಟ್ ಮಾಡಲೇಬೇಕು. ಐದು ಜನರಲ್ಲಿ ನಾಚಿಕೆಯ ಹುಡುಗಿ ಮೂಲೆ ಹಿಡಿದು ನಿಲ್ಲಬಹುದು, ಮೂವರಲ್ಲಿ ಅದು ನಡೆಯಲ್ಲ. ಅವಳ ಕೋಚ್ ಒಪ್ಪಿದರೆ ಒಂದು ನಿಯಮ ಮಾಡಿಕೊಳ್ಳಿ: ಎದುರಿಗೆ ಯಾರೂ ಇಲ್ಲದಾಗ ಎಸೆದು ಮಿಸ್ ಆದರೆ ತಪ್ಪಲ್ಲ, ಎಸೆಯದಿದ್ದರೆ ತಪ್ಪು.

ಮ್ಯಾಚ್ ಮುಗಿಸಿ ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ಆಟದ ಪೋಸ್ಟ್‌ಮಾರ್ಟಂ ಬೇಡ. ಹಸಿವಾಗಿದೆಯಾ ಕೇಳಿ, ಸಾಕು.

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿ. ನಮ್ಮಲ್ಲಿ ಜೂನ್‌ನಿಂದ ಮಳೆ ಬಿಡುವುದೇ ಇಲ್ಲ. ಕೋರ್ಟೆಲ್ಲ ಪಾಚಿ. ಮನೆಯಲ್ಲಿ ರಿಂಗ್ ಇಲ್ಲ. ಕಲಿತದ್ದೆಲ್ಲ ಮರೆತುಹೋಗುತ್ತೆ ಸಾರ್.
– ಒಬ್ಬ ವಿದ್ಯಾರ್ಥಿ, ಕೊಪ್ಪ

ಉತ್ತರ: ಪಾಚಿ ಕಟ್ಟಿದ ಕೋರ್ಟಿಗೆ ಮಾತ್ರ ಇಳಿಯಬೇಡ ತಮ್ಮಾ, ಕಾಲು ಉಳುಕಿದರೆ ಮಳೆ ಬಿಟ್ಟ ಮೇಲೂ ಆಟ ಇರಲ್ಲ.

ಶೂಟಿಂಗ್ ತಿದ್ದಿಕೊಳ್ಳಲು ಮಳೆಗಾಲದಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ. ರಿಂಗ್ ಎದುರಿಗಿದ್ದರೆ ಬಿತ್ತೋ ಇಲ್ಲವೋ ಅನ್ನುವುದರ ಮೇಲೇ ಕಣ್ಣು ಇರುತ್ತದೆ, ಕೈಯ ಕಡೆ ಗಮನ ಹೋಗಲ್ಲ. ಅಮೆರಿಕದ ಪ್ರಸಿದ್ಧ ಬ್ಯಾಸ್ಕೆಟ್‌ಬಾಲ್ ಆಟಗಾರ ಸ್ಟೀಫನ್ ಕರಿ ಹೈಸ್ಕೂಲಿನಲ್ಲಿದ್ದಾಗ ಚೆಂಡನ್ನು ಸೊಂಟದ ಹತ್ತಿರದಿಂದ ಎಸೆಯುತ್ತಿದ್ದರು. ಅಪ್ಪ ಡೆಲ್ ಕರಿ ಅದನ್ನು ತಲೆಯ ಮೇಲಿಂದ ಎಸೆಯುವಂತೆ ತಿದ್ದಿಸಿದ್ದು ಬೇಸಿಗೆ ರಜೆಯಲ್ಲಿ.

ನೀನು ಅಂಗಾತ ಮಲಗಿ, ಒಂದೇ ಕೈಯಿಂದ ಚೆಂಡನ್ನು ನೇರ ಮೇಲಕ್ಕೆ ಎಸೆ. ಸರಿಯಾಗಿ ಬಿಟ್ಟರೆ ಹಿಮ್ಮುಖವಾಗಿ ತಿರುಗುತ್ತಾ ಅದೇ ಕೈಗೆ ವಾಪಸ್ ಬರುತ್ತದೆ. ಪಕ್ಕಕ್ಕೆ ಹೋದರೆ ಮೊಣಕೈ ಹೊರಗೆ ಹೋಗಿದೆ ಅಂತ ಅರ್ಥ, ಅಥವಾ ಹೆಬ್ಬೆರಳು ನೂಕಿದೆ. ಜಗಲಿ ಇದ್ದರೆ ಎಡಗೈ ಡ್ರಿಬಲ್ ಮಾಡು, ಚೆಂಡು ನೋಡದೆ. ಮನೆಯವರಿಗೆ ಶಬ್ದದ ಕಿರಿಕಿರಿ ಆಗುತ್ತದೆ, ಮೊದಲೇ ಕೇಳಿಕೋ.

ಮಳೆ ಬಿಟ್ಟ ಮೇಲೆ ಮೊದಲ ವಾರ 6.75 ಮೀಟರ್ ಗೆರೆಯ (ಮೂರು ಪಾಯಿಂಟಿನ ಗೆರೆ) ಹತ್ತಿರವೂ ಹೋಗಬೇಡ. ರಿಂಗಿನ ಮುಂದೆ ಎರಡು ಹೆಜ್ಜೆ ದೂರದಿಂದ ಶುರುಮಾಡು.