ಪದ್ಮಿನಿಗೆ ಪವರ್ ಸ್ಟಿಯರಿಂಗ್ ಹಾಕಿಸುವ ಮೊದಲು

ತೀರ್ಥಹಳ್ಳಿಯ ಸರ್, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ತಂದೆಯವರ 1974ರ ಪ್ರೀಮಿಯರ್ ಪದ್ಮಿನಿ ಎಂಟು ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಎಂಜಿನ್ ಈಗ ಸರಿಯಾಗಿದೆ. ಆದರೆ ವೇಗ ಐವತ್ತು ದಾಟಿದರೆ ಕಾರು ಅತ್ತಿತ್ತ ಸರಿಯುತ್ತದೆ, ಹಂಪ್ ಇಳಿದ ಮೇಲೂ ಕುಪ್ಪಳಿಸುತ್ತಲೇ ಇರುತ್ತದೆ, ನಿಂತಲ್ಲಿ ಸ್ಟಿಯರಿಂಗ್ ತಿರುಗಿಸಲು ಭುಜ ನೋಯುತ್ತದೆ. ಗ್ಯಾರೇಜಿನವರು ಮೂರು ಸಲಹೆ ಕೊಟ್ಟಿದ್ದಾರೆ: ಈಗಿನ ಸಣ್ಣ ಕಾರಿನ ಎಲೆಕ್ಟ್ರಿಕ್ ಪವರ್ ಸ್ಟಿಯರಿಂಗ್ ಕೂರಿಸುವುದು, ಮುಂದಿನ ಸ್ಪ್ರಿಂಗನ್ನು ಒಂದು ಸುತ್ತು ಕತ್ತರಿಸುವುದು, ಹಿಂದಿನ ಕಮಾನಿಗೆ (ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಕಟ್ಟಿದ ಸ್ಪ್ರಿಂಗ್) ಒಂದು ಪಟ್ಟಿ ಸೇರಿಸುವುದು. ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿಬರುವ ಆಸೆ ನಿಮ್ಮದು.

ದಯವಿಟ್ಟು ಈ ಮೂರರಲ್ಲಿ ಒಂದನ್ನೂ ಈಗ ಮಾಡಿಸಬೇಡಿ. ನಿಮ್ಮ ಕಾರಿಗೆ ಬೇಕಾಗಿರುವುದು ಹೊಸ ಬಗೆಯ ಭಾಗವಲ್ಲ, ಸವೆದ ಭಾಗಗಳ ನಡುವೆ ಸೇರಿಕೊಂಡಿರುವ ಪ್ಲೇ, ಅಂದರೆ ಸಡಿಲ, ತೆಗೆಯುವುದು. ಪದ್ಮಿನಿಗೆ ಮೂಲವಾದ ಫಿಯಟ್ 1100 ಕಾರಿನ ವಿನ್ಯಾಸ ಅದರ ಕಾಲಕ್ಕೆ ಬಹಳ ಒಳ್ಳೆಯದು. ಮುಂದೆ ಎರಡೂ ಚಕ್ರಗಳಿಗೆ ಬೇರೆ ಬೇರೆ ವಿಶ್‌ಬೋನ್, (ಚಕ್ರವನ್ನು ಹಿಡಿದಿಡುವ ತೋಳು), ಕಾಯಿಲ್ ಸ್ಪ್ರಿಂಗ್, ಜೊತೆಗೆ ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರ್. ಹಿಂದೆ ಕಮಾನಿನ ಮೇಲೆ ಕೂತ ಗಟ್ಟಿ ಆಕ್ಸಲ್. ಇಡೀ ಕಾರಿನ ತೂಕ ಒಂದು ಟನ್ನಿಗಿಂತ ಕಡಿಮೆ. ಇಂತಹ ಕಾರು ಚಲಿಸಲು ತೊಡಗಿದ ಮೇಲೂ ಸ್ಟಿಯರಿಂಗ್ ಭಾರವೆನಿಸಿದರೆ ಅದು ಕಾರಿನ ಸ್ವಭಾವವಲ್ಲ, ಕಾಯಿಲೆ. ಒಣಗಿದ ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಗೂಟ), ಟೈರಿನಲ್ಲಿ ಕಡಿಮೆ ಗಾಳಿ, ಅತಿಯಾಗಿ ಬಿಗಿದ ಸ್ಟಿಯರಿಂಗ್ ಬಾಕ್ಸ್ (ಸ್ಟಿಯರಿಂಗ್ ಕಾಲಮ್ಮಿನ ಬುಡದ ಗೇರ್ ಪೆಟ್ಟಿಗೆ), ಈ ಮೂರರಲ್ಲಿ ಒಂದಾದರೂ ಖಂಡಿತ ಸಿಗುತ್ತದೆ.

ಮೊದಲು ಪರೀಕ್ಷೆ. ಮುಂಭಾಗವನ್ನು ಜಾಕ್‌ನಿಂದ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕಾರಿನಡಿ ಕೈ ಹಾಕಬೇಡಿ. ಒಂದು ಕೈ ಚಕ್ರದ ತುದಿಯಲ್ಲಿ, ಇನ್ನೊಂದು ಬುಡದಲ್ಲಿ ಹಿಡಿದು ಒಳಕ್ಕೂ ಹೊರಕ್ಕೂ ಅಲ್ಲಾಡಿಸಿ. ಟಕ್ ಟಕ್ ಎಂದರೆ ಮನೆಯವರೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಸದ್ದು ನಿಂತರೆ ವೀಲ್ ಬೇರಿಂಗ್ ಸಡಿಲ, ಬಿಗಿ ಮಾಡಿದರೆ ಸಾಕು. ಬ್ರೇಕ್ ಒತ್ತಿದಾಗಲೂ ಟಕ್ ಎನ್ನುತ್ತಿದ್ದರೆ ಕಿಂಗ್ ಪಿನ್ನಿನ ಬುಷ್, ಅಂದರೆ ಪಿನ್ ಕೂರುವ ಲೋಹದ ಬಳೆ, ಸವೆದಿದೆ. ಬಳಿಕ ಚಕ್ರಗಳನ್ನು ನೆಲಕ್ಕಿಳಿಸಿ, ಒಬ್ಬರು ಸ್ಟಿಯರಿಂಗನ್ನು ನಾಲ್ಕು ಬೆರಳಿನಷ್ಟು ಮಾತ್ರ ಎಡಕ್ಕೂ ಬಲಕ್ಕೂ ಆಡಿಸುತ್ತಿರಲಿ, ನೀವು ಬಾನೆಟ್ ತೆರೆದು ಟಾರ್ಚ್ ಹಿಡಿದು ಬಾಕ್ಸಿನಿಂದ ಶುರುಮಾಡಿ ಒಂದೊಂದೇ ಕೀಲನ್ನು ನೋಡುತ್ತಾ ಹೋಗಿ. ಬಾಕ್ಸಿನಿಂದ ಹೊರಬರುವ ಡ್ರಾಪ್ ಆರ್ಮ್ ಅಲ್ಲಾಡಿದ ಕ್ಷಣವೇ ಚಕ್ರಗಳನ್ನು ತಿರುಗಿಸುವ ಟೈ ರಾಡ್ ಅಲ್ಲಾಡಬೇಕು, ಆಚೆ ಬದಿಯಲ್ಲಿ ಅದಕ್ಕೆ ಆಸರೆಯಾದ ಐಡ್ಲರ್ ಆರ್ಮ್ ಕೂಡ. ಎಲ್ಲಿ ತಡವಾಗುತ್ತದೆಯೋ ಅಲ್ಲಿ ಪ್ಲೇ ಇದೆ.

ಇಲ್ಲಿಯೇ ಹೆಚ್ಚಿನವರು ಗಮನಿಸದ ಒಂದು ಸಂಗತಿ ಇದೆ. ಸ್ಟಿಯರಿಂಗ್ ಬಾಕ್ಸ್ ಬಾಡಿಗೆ ಕೂತಿರುವ ಜಾಗದ ಮೇಲೆ ಹೆಬ್ಬೆರಳಿಟ್ಟು ನೋಡಿ. ನನ್ನ ಕಾರಿನಲ್ಲಿ ಬಾಕ್ಸೇ ಅಲ್ಲಾಡುತ್ತಿತ್ತು. ಬೋಲ್ಟ್ ಬಿಗಿಯಾಗಿಯೇ ಇತ್ತು. ಅದರ ಹಿಂದಿನ ತಗಡಿನಲ್ಲಿ ಕೂದಲೆಳೆಯಷ್ಟು ಬಿರುಕು, ಬಿರುಕಿನ ಅಂಚಿನಲ್ಲಿ ಕುಂಕುಮದಂತೆ ಸಣ್ಣಗೆ ಉದುರಿದ ತುಕ್ಕಿನ ಪುಡಿ. ಅದು ಕಣ್ಣಿಗೆ ಬೀಳುವ ಹೊತ್ತಿಗೆ ನಾನು ಎರಡು ಜೊತೆ ಟೈ ರಾಡ್ ಎಂಡ್ ಬದಲಿಸಿ ಆಗಿತ್ತು. ಮಲೆನಾಡಿನ ಮಳೆ ಕಂಡ ನಿಮ್ಮ ಕಾರಿನಲ್ಲಿ ಆ ಜಾಗವನ್ನು ವೈರ್ ಬ್ರಷ್‌ನಿಂದ ತಿಕ್ಕಿ, ಬಣ್ಣ ಹೋಗುವವರೆಗೆ ಸ್ವಚ್ಛ ಮಾಡಿ ನೋಡಲೇಬೇಕು.

ಕಿಂಗ್ ಪಿನ್ ಹೋಗಿದ್ದರೆ ಎರಡೂ ಬದಿಯದನ್ನು ಒಟ್ಟಿಗೆ ಬದಲಿಸಿ. ಸೆಟ್ ಸಿಗುವುದು ಕಷ್ಟವಲ್ಲ, ಕೂರಿಸುವವರು ಸಿಗುವುದು ಕಷ್ಟ. ಹೊಸ ಬುಷ್ ಒತ್ತಿದ ಮೇಲೆ ಮೇಲಿನದನ್ನೂ ಕೆಳಗಿನದನ್ನೂ ಒಂದೇ ಉದ್ದನೆಯ ರೀಮರ್‌ನಿಂದ, ಒಂದೇ ಗೆರೆಯಲ್ಲಿ ರೀಮ್ ಮಾಡಬೇಕು, ಅಂದರೆ ಒಳರಂಧ್ರವನ್ನು ಪಿನ್ನಿನ ಅಳತೆಗೆ ಹೆರೆಯಬೇಕು. ಎಮರಿ ಕಾಗದ ಸುತ್ತಿ ಉಜ್ಜಿ ಹೊಂದಿಸಿದರೆ ಪಿನ್ ಒಳಗೆ ಹೋಗುತ್ತದೆ ನಿಜ, ಆದರೆ ಎರಡು ಬುಷ್‌ಗಳ ಗೆರೆ ಕೂಡುವುದಿಲ್ಲ. ಸ್ಟಿಯರಿಂಗ್ ಭಾರವಾಗುತ್ತದೆ, ಮೂರು ತಿಂಗಳಲ್ಲಿ ಮತ್ತೆ ಸವೆಯುತ್ತದೆ. ಎಣ್ಣೆ ಸವರಿದ ಪಿನ್ ಹೆಬ್ಬೆರಳಿನ ಒತ್ತಡಕ್ಕೆ ನಿಧಾನವಾಗಿ ಜಾರಿ ಇಳಿಯಬೇಕು, ತಾನಾಗಿ ಬೀಳಬಾರದು. ಬಿಚ್ಚುವಾಗ ಶಿಮ್ (ಸಂದು ತುಂಬುವ ತೆಳು ಬಿಲ್ಲೆ), ವಾಷರ್ ಸಿಕ್ಕರೆ ಎಣಿಸಿ, ಯಾವುದು ಎಲ್ಲಿತ್ತು ಎಂದು ಫೋಟೊ ತೆಗೆದುಕೊಂಡು, ಅಲ್ಲಿಗೇ ಹಾಕಿಸಿ. ಆಮೇಲೆ ಗ್ರೀಸ್: ಚಕ್ರ ಎತ್ತಿದ ಸ್ಥಿತಿಯಲ್ಲಿ, ಹಳೆಯ ಕಪ್ಪು ಗ್ರೀಸ್ ಪೂರ್ತಿ ಹೊರಬಂದು ಹೊಸದು ಕಾಣಿಸುವವರೆಗೆ ಗನ್ ಒತ್ತಬೇಕು. ನಾನು 1,500 ಕಿಲೋಮೀಟರಿಗೊಮ್ಮೆ ಮಾಡುತ್ತೇನೆ, ಮಳೆಗಾಲದಲ್ಲಿ ಇನ್ನೂ ಬೇಗ.

ಸ್ಟಿಯರಿಂಗ್ ಬಾಕ್ಸಿಗೆ ಕೈ ಹಾಕುವುದು ಕೊನೆಯಲ್ಲಿ. ಪ್ಲೇ ಇದೆ ಎಂದ ಕೂಡಲೇ ಮೇಲಿನ ಅಡ್ಜಸ್ಟ್ ಸ್ಕ್ರೂ ಬಿಗಿಯುವುದು ಎಲ್ಲೆಡೆ ರೂಢಿ. ಒಳಗಿನ ವರ್ಮ್ (ಸ್ಕ್ರೂ ಆಕಾರದ ಗೇರ್) ಸವೆಯುವುದು ನಡುಭಾಗದಲ್ಲಿ, ಏಕೆಂದರೆ ಕಾರು ಹೆಚ್ಚಾಗಿ ಓಡುವುದು ನೇರವಾಗಿ. ನಡುವಿನ ಪ್ಲೇ ಪೂರ್ತಿ ಹೋಗುವಷ್ಟು ಬಿಗಿದರೆ, ಸವೆಯದೆ ಉಳಿದ ಎರಡೂ ಬದಿಗಳಲ್ಲಿ ಅದು ಕಚ್ಚಿಕೊಳ್ಳುತ್ತದೆ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಚಕ್ರ ತಾನಾಗಿ ನೇರಕ್ಕೆ ಮರಳದೆ ಹೋದರೆ ಎಷ್ಟು ಅಪಾಯ ಎಂದು ಯೋಚಿಸಿ. ಚಕ್ರ ಎತ್ತಿ, ನೇರ ಇಟ್ಟು, ಕಾಲು ಸುತ್ತಿನಷ್ಟೇ ಬಿಗಿದು, ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡಿ, ಎಲ್ಲಿಯೂ ಹಿಡಿಯಬಾರದು. ಸ್ವಲ್ಪ ಪ್ಲೇ ಉಳಿದರೆ ಉಳಿಯಲಿ. ಸೀಲ್ ಸೋರುತ್ತದೆಂದು ಬಾಕ್ಸಿಗೆ ಗ್ರೀಸ್ ತುಂಬಿದ್ದರೆ ತೆಗೆಸಿ, ಸೀಲ್ ಬದಲಿಸಿ, 90ರ ಗೇರ್ ಎಣ್ಣೆ ಹಾಕಿಸಿ. ವರ್ಮ್ ತಿರುಗಿದಂತೆ ಗ್ರೀಸ್ ಬದಿಗೆ ಸರಿದು ಅಲ್ಲಿಯೇ ನಿಲ್ಲುತ್ತದೆ; ಎಣ್ಣೆ ಮತ್ತೆ ಹರಿದು ಬರುತ್ತದೆ.

ಹಿಂದಿನ ಕಮಾನಿಗೆ ಬರುತ್ತೇನೆ. ಪಟ್ಟಿ ಸೇರಿಸಿದರೆ ಕಾರು ಎತ್ತರವಾಗುತ್ತದೆ, ಭಾರ ಹೊರುತ್ತದೆ. ಆದರೆ ಹಿಂಭಾಗ ಎದ್ದು ಮೂಗು ತಗ್ಗಿದಷ್ಟೂ ಮುಂದಿನ ಚಕ್ರಗಳ ಕ್ಯಾಸ್ಟರ್ ಕೋನ, ಅಂದರೆ ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗುತ್ತದೆ. ಕಾರನ್ನು ನೇರ ಓಡಿಸುವುದೇ ಆ ಕೋನ. ಅತ್ತಿತ್ತ ಸರಿಯುವ ಕಾರಿಗೆ ಪಟ್ಟಿ ಸೇರಿಸಿದರೆ ಇನ್ನಷ್ಟು ಸರಿಯುತ್ತದೆ. ಅದರ ಬದಲು ಕಮಾನು ಇಳಿಸಿ, ಪಟ್ಟಿಗಳನ್ನು ಬಿಡಿಸಿ, ನಡುವಿನ ತುಕ್ಕು ಉಜ್ಜಿ, ಗ್ರಾಫೈಟ್ ಗ್ರೀಸ್ ಸವರಿ ಕಟ್ಟಿಸಿ. ಬಾಗು ಹೋಗಿದ್ದರೆ ತಣ್ಣಗಿರುವಾಗಲೇ ಸುತ್ತಿಗೆಯಲ್ಲಿ ಹೊಡೆದು ಬಾಗಿಸುವ ಕಮಾನು ಕೆಲಸದವರ ಬಳಿ ಹೋಗಿ. ಗ್ಯಾಸ್ ಬೆಂಕಿ ಹಿಡಿದು ಬಾಗಿಸಿದರೆ ಉಕ್ಕಿನ ಹದ ಹೋಗಿ ವರ್ಷದೊಳಗೆ ಮತ್ತೆ ಕುಸಿಯುತ್ತದೆ. ರಬ್ಬರ್ ಬುಷ್ ಇರುವ ಬೋಲ್ಟುಗಳ ಕೊನೆಯ ಬಿಗಿತ ಕಾರು ನೆಲದ ಮೇಲೆ ನಿಂತಾಗಲೇ ಆಗಬೇಕು. ನೇತಾಡುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಕುಪ್ಪಳಿಸುವುದಕ್ಕೆ ಶಾಕ್ ಅಬ್ಸಾರ್ಬರ್ ಕಾರಣ. ನಾಲ್ಕನ್ನೂ ಹೊಸದು ಹಾಕಿ. ಬೇರೆ ಕಾರಿನದನ್ನು ಹೊಂದಿಸುವುದಾದರೆ ಪೂರ್ತಿ ಎಳೆದಾಗಿನ ಉದ್ದ, ಪೂರ್ತಿ ಒತ್ತಿದಾಗಿನ ಉದ್ದ ಎರಡನ್ನೂ ಅಳೆದು ಹಳೆಯದರ ಪಕ್ಕ ಇಟ್ಟು ನೋಡಿ. ಮುಂದಿನ ಸ್ಪ್ರಿಂಗ್ ಕತ್ತರಿಸುವ ಮಾತು ಬಿಟ್ಟುಬಿಡಿ. ನಮ್ಮ ಹಂಪ್‌ಗಳ ಮೇಲೆ ಹೊಟ್ಟೆ ತಾಗುತ್ತದೆ, ಕತ್ತರಿಸಿದ ಸ್ಪ್ರಿಂಗ್ ಇನ್ನಷ್ಟು ಬಿರುಸಾಗುತ್ತದೆ.

ನಿಜವಾಗಿ ಹೊಸದಾಗಿ ಸೇರಿಸಬೇಕಾದ್ದು ಒಂದೇ, ರೇಡಿಯಲ್ ಟೈರ್. ಮೂಲದಲ್ಲಿ 5.20-14 ಅಳತೆಯ ಕ್ರಾಸ್-ಪ್ಲೈ, ಅಂದರೆ ಹಳೆಯ ಬಗೆಯ ಟೈರ್. ನನ್ನದರಲ್ಲಿ 155ರ ರೇಡಿಯಲ್ ಇದೆ. ಸ್ಟೆಪ್ನಿ ಸೇರಿ ಐದನ್ನೂ ಒಟ್ಟಿಗೆ ಬದಲಿಸಿ, ಎರಡು ಬಗೆಯನ್ನು ಬೆರೆಸಬೇಡಿ, ಹಳೆಯ ರಿಮ್ ಆದ್ದರಿಂದ ಟ್ಯೂಬ್ ಹಾಕಿಸಿ. ಇದಕ್ಕಿಂತ ಅಗಲ ಬೇಡ, ಸ್ಟಿಯರಿಂಗ್ ಮತ್ತೆ ಭಾರವಾಗುತ್ತದೆ. ಚಿಕ್ಕ ಸ್ಟಿಯರಿಂಗ್ ಚಕ್ರವೂ ಬೇಡ, ಅದೇ ಕಾರಣಕ್ಕೆ.

ಪವರ್ ಸ್ಟಿಯರಿಂಗ್ ಏಕೆ ಬೇಡ ಎಂದು ನೀವು ಕೇಳಬಹುದು. ಪದ್ಮಿನಿಯ ಗೇರ್ ಹಿಡಿ ಸ್ಟಿಯರಿಂಗ್ ಕಾಲಮ್ಮಿನ ಮೇಲೇ ಇದೆ. ಕಾಲಮ್ ಕತ್ತರಿಸಿ ಮೋಟಾರ್ ಕೂರಿಸಿದರೆ ಗೇರಿನ ಲಿಂಕೇಜ್ ಕೂಡ ಕೆಡುತ್ತದೆ, ಜೊತೆಗೆ ನಿಮ್ಮ ಪ್ರಾಣ ಒಂದು ವೆಲ್ಡಿಂಗ್ ಜೋಡಣೆಯ ಮೇಲೆ ನಿಲ್ಲುತ್ತದೆ. ನಿಂತಲ್ಲಿ ತಿರುಗಿಸುವಾಗ ಆ ಮೋಟಾರ್ ಎಳೆಯುವ ಕರೆಂಟನ್ನು ನಿಮ್ಮ ಹಳೆಯ ಡೈನಮೋ ಕೊಡಲಾರದು. ಎಲ್ಲಕ್ಕಿಂತ ಮುಖ್ಯವಾಗಿ, ಸವೆದ ಕೀಲುಗಳ ಎಚ್ಚರಿಕೆ ನಿಮ್ಮ ಕೈಗೆ ತಲುಪದಂತೆ ಮೋಟಾರ್ ಮುಚ್ಚಿಡುತ್ತದೆ. ಕಾನೂನೂ ಇದೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆಯನ್ನು ಒಪ್ಪುವುದಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ನಿಮ್ಮ ಕಾರಿಗೆ ಐವತ್ತು ವರ್ಷ ತುಂಬಿರುವುದರಿಂದ 2021ರ ನಿಯಮದಂತೆ ವಿಂಟೇಜ್ ನೋಂದಣಿಗೂ ಹೋಗಬಹುದು, ಶುಲ್ಕ 20,000 ರೂಪಾಯಿ. ಅದಕ್ಕೆ ಕಾರು ಮೂಲ ರೂಪದಲ್ಲಿರಬೇಕು. ಆದರೆ ಆ ನೋಂದಣಿಯಲ್ಲಿ ದಿನನಿತ್ಯ ಓಡಿಸುವಂತಿಲ್ಲ. ನಿಮಗೆ ಉಡುಪಿಗೆ ಆಗಾಗ ಹೋಗುವ ಆಸೆ ಇರುವುದರಿಂದ ಯೋಚಿಸಿ ತೀರ್ಮಾನಿಸಿ.

ಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೆಯದಕ್ಕೆ ಶಿವಾಜಿನಗರದ ಗುಜರಿ. 2023ರ ಅಕ್ಟೋಬರಿನಲ್ಲಿ ಮುಂಬೈನ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಟ್ಯಾಕ್ಸಿಗಳಿಗಾಗಿ ತಯಾರಾಗುತ್ತಿದ್ದ ಬಿಡಿಭಾಗಗಳ ಬೇಡಿಕೆಯೂ ಅದರೊಂದಿಗೆ ಇಳಿದಿದೆ. ಒಳ್ಳೆಯ ಕಿಂಗ್ ಪಿನ್ ಸೆಟ್, ಐಡ್ಲರ್ ಆರ್ಮ್ ಕಂಡರೆ ಎರಡು ತೆಗೆದಿಡಿ.

ಎಲ್ಲ ಮುಗಿದ ಮೇಲೆ ಅಲೈನ್‌ಮೆಂಟ್. ಕಂಪ್ಯೂಟರಿನಲ್ಲಿ ಪದ್ಮಿನಿಯ ಅಳತೆ ಇರಲಿಕ್ಕಿಲ್ಲ, ಕೈಪಿಡಿಯ ಪುಟದ ನಕಲು ಕೈಯಲ್ಲಿರಲಿ. ನಾಲ್ಕೂ ಕಡೆ ಡ್ರಮ್ ಬ್ರೇಕ್ ಇರುವ ಕಾರು, ಎಂಟು ವರ್ಷ ನಿಂತದ್ದು; ಘಾಟಿ ಇಳಿಯುವ ಮೊದಲು ವೀಲ್ ಸಿಲಿಂಡರ್‌ಗಳನ್ನೂ ರಬ್ಬರ್ ಪೈಪುಗಳನ್ನೂ ಬದಲಿಸಿ, ಇಳಿಯುವಾಗ ಎರಡನೇ ಗೇರಿನಲ್ಲೇ ಇರಿ.

ಈ ಭಾನುವಾರ ಚಕ್ರ ಅಲ್ಲಾಡಿಸುವ ಪರೀಕ್ಷೆ ಮಾಡಿ, ಸ್ಟಿಯರಿಂಗ್ ಬಾಕ್ಸ್ ಕೂತ ಜಾಗವನ್ನು ಉಜ್ಜಿ ಹತ್ತಿರದಿಂದ ಎರಡು ಫೋಟೊ ಹಾಕಿ. ಅದನ್ನು ನೋಡಿದ ಮೇಲೆ ಯಾವ ಭಾಗ ತರಿಸಬೇಕೆಂದು ಹೇಳುತ್ತೇನೆ, ಅಲ್ಲಿಯವರೆಗೆ ಯಾರಿಗೂ ಮುಂಗಡ ಕೊಡಬೇಡಿ.