ಕಾರ್ ಪಾರ್ಕಿಂಗ್‌ನ ರೂಮ್ ಮಾಡ್ಬೇಕಾ? ಟೈಲ್ಸ್ ಆಮೇಲೆ, ಮೊದಲು ಲೆವೆಲ್ ನೋಡಿ

ಮಳೆ ನಿಂತ ತಕ್ಷಣ ಇದೇ ಪ್ರಶ್ನೆ ಶುರುವಾಗುತ್ತೆ, ಮನೆ ಮುಂದಿನ ಕಾರ್ ಪಾರ್ಕಿಂಗ್‌ಗೆ ಗೋಡೆ ಎತ್ತಿ ರೂಮ್ ಮಾಡ್ಬೋದಾ ಅಂತ. ಯಾವ ಟೈಲ್ಸ್, ಯಾವ ಪೇಂಟು, ಚದರಡಿಗೆ ಎಷ್ಟು ರೇಟು ಎಲ್ಲಾ ಕೇಳ್ತೀರಿ, ನೆಲ ರೋಡಿಗಿಂತ ಎಷ್ಟು ಮೇಲಿದೆ ಅಂತ ಮಾತ್ರ ಒಬ್ಬರೂ ಬರೆಯಲ್ಲ. ಅದು ಗೊತ್ತಾಗದೆ ಮಿಕ್ಕಿದ್ದಕ್ಕೆಲ್ಲ ಉತ್ತರ ಕೊಟ್ಟು ಪ್ರಯೋಜನ ಇಲ್ಲ. ಅದಕ್ಕೆ ಈ ಸಲ ಒಂದೇ ಪ್ರಶ್ನೆಗೆ ಪೂರ್ತಿ ಬರೀತೀನಿ, ಬೇರೆಯವಕ್ಕೆ ಒಂದೊಂದು ಮಾತು.

ಪ್ರಶ್ನೆ: ಬೆಂಗಳೂರಲ್ಲಿ 30×40 ಸೈಟಲ್ಲಿ ಮನೆ. ಕೆಳಗೆ ಮುಂದೆ ಪಾರ್ಕಿಂಗ್, ಹಿಂದೆ ಬಾಡಿಗೆಗೆ ಕೊಟ್ಟ ಒಂದು ಸಣ್ಣ ಮನೆ, ನಾವಿರೋದು ಫಸ್ಟ್ ಫ್ಲೋರ್. ಅಪ್ಪಾಜಿಗೆ ಮಂಡಿನೋವು, ಮೆಟ್ಟಿಲು ಹತ್ತೋಕಾಗಲ್ಲ. ಪಾರ್ಕಿಂಗ್ ಜಾಗದಲ್ಲಿ ಬಾತ್‌ರೂಮ್ ಸಮೇತ ಒಂದು ರೂಮ್ ಮಾಡ್ಬೇಕು ಅಂತಿದೀವಿ. ಹದಿನೈದು ದಿನದಲ್ಲಿ ಮುಗಿಸಿಕೊಡ್ತೀನಿ, ಥಂಡಿ ಬರದ ಹಾಗೆ ಕೆಮಿಕಲ್ ಹೊಡೀತೀನಿ ಅಂತಾರೆ ಮೇಸ್ತ್ರಿ. ಯಾವ ಟೈಲ್ಸ್ ಒಳ್ಳೇದು?

ಉತ್ತರ: ಟೈಲ್ಸ್ ವಿಷಯ ಸದ್ಯಕ್ಕೆ ಬಿಡಿ. ಪಾರ್ಕಿಂಗ್ ನೆಲಾನ ಯಾರೂ ಮನುಷ್ಯರು ಮಲಗೋಕೆ ಅಂತ ಕಟ್ಟಿರಲ್ಲ. ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ವಾಸದ ಮನೆ ಪಾಯದ ಮೇಲ್ಮಟ್ಟ ಸುತ್ತಲಿನ ನೆಲಕ್ಕಿಂತ ಕನಿಷ್ಠ 45 ಸೆಂಟಿಮೀಟರ್ ಮೇಲಿರಬೇಕು, ಗ್ಯಾರೇಜಿಗೆ 15 ಇದ್ದರೆ ಸಾಕು. ಹಾಗೇ ವಾಸದ ರೂಮಿನ ಎತ್ತರ 2.75 ಮೀಟರ್, ಗ್ಯಾರೇಜಿಗೆ 2.4 ನಡೆಯುತ್ತೆ. ಈಗ ನೀವೇ ಲೆಕ್ಕ ಹಾಕಿ, ಪಾರ್ಕಿಂಗ್ ಈ ಕನಿಷ್ಠ ಅಳತೆಗೇ ಕಟ್ಟಿದ್ರೆ ಕೆಳಗೆ 30 ಸೆಂಟಿಮೀಟರ್ ನೆಲ ಏರಿಸ್ಬೇಕು, ಮೇಲೆ 35 ಸೆಂಟಿಮೀಟರ್ ಮೊದಲೇ ಕಮ್ಮಿ ಇದೆ, ಒಟ್ಟು 65, ಅಂದ್ರೆ ಎರಡಡಿಗಿಂತ ಜಾಸ್ತಿ. ನೆಲ ಏರಿಸಿದ್ರೆ ತಾರಸಿ ಏಳಡಿಗೆ ಬಂದುಬಿಡುತ್ತೆ, ಅದರ ಕೆಳಗೆ ಬೀಮ್ ಬೇರೆ, ಅಲ್ಲಿ ಸೀಲಿಂಗ್ ಫ್ಯಾನ್ ಹಾಕಿ ಅಂಗಿ ತೊಡೋಕೆ ಕೈ ಎತ್ತಿದ್ರೆ ಬೆರಳು ಉಳಿಯಲ್ಲ. ಏರಿಸದೇ ಬಿಟ್ರೆ ನೀರು ಒಳಗೆ ಬರುತ್ತೆ. ನಿಮ್ಮ ಪಾರ್ಕಿಂಗ್ ಎತ್ತರ ಹತ್ತಡಿ ಮೇಲಿದ್ರೆ ಮಾತ್ರ ಮುಂದಕ್ಕೆ ಓದಿ.

ಮನೆ ಕಟ್ಟಿದಾಗ ನೆಲ ರೋಡಿಗಿಂತ ಮೇಲೇ ಇತ್ತು ಅಂತ ಎಲ್ರೂ ಹೇಳ್ತಾರೆ, ನಿಜಾನೇ ಇರಬಹುದು, ಆದ್ರೆ ಆಮೇಲೆ ಎಷ್ಟು ಸಲ ಡಾಂಬರು ಬಿತ್ತು? ಹಳೇದನ್ನ ಕೆರೆಯದೆ ಮೇಲೆ ಮೇಲೆ ಹಾಕ್ತಾ ಹೋದ್ರೆ ರೋಡ್ ಏರುತ್ತೆ, ಮನೆ ಅಲ್ಲೇ ಇರುತ್ತೆ. ಕಣ್ಣಂದಾಜಲ್ಲಿ ಹೇಳ್ಬೇಡಿ, ಅಳೀರಿ. ಮೇಸ್ತ್ರಿ ಹತ್ರ ಲೆವೆಲ್ ಟ್ಯೂಬ್ ಇರುತ್ತೆ, ನೀರು ತುಂಬಿದ ಪಾರದರ್ಶಕ ಪೈಪು, ಗುಳ್ಳೆ ಇಲ್ಲದ ಹಾಗೆ ನೋಡ್ಕೊಂಡು ಒಂದು ತುದಿ ರೋಡಿನ ಮ್ಯಾನ್‌ಹೋಲ್ ಹತ್ರ, ಇನ್ನೊಂದು ಪಾರ್ಕಿಂಗ್ ಒಳಗೆ ಹಿಡಿದು, ನೀರು ನಿಂತ ಮೇಲೆ ನೀರಿನ ಮಟ್ಟದಿಂದ ಮ್ಯಾನ್‌ಹೋಲ್ ಮುಚ್ಚಳಕ್ಕೆ ಎಷ್ಟು, ಪಾರ್ಕಿಂಗ್ ನೆಲಕ್ಕೆ ಎಷ್ಟು ಅಂತ ಟೇಪ್ ಹಿಡೀರಿ. ನೆಲದ ಕಡೆ ಅಳತೆ ಜಾಸ್ತಿ ಬಂತು ಅಂದ್ರೆ ನಿಮ್ಮ ನೆಲ ಮ್ಯಾನ್‌ಹೋಲ್ ಮುಚ್ಚಳಕ್ಕಿಂತ ತಗ್ಗಲ್ಲಿದೆ.

ಯಾಕೆ ಮ್ಯಾನ್‌ಹೋಲ್ ಮುಚ್ಚಳಾನೇ ಅಂದ್ರೆ, ಜೋರು ಮಳೇಲಿ ಮಳೆನೀರು ಯುಜಿಡಿಗೂ, ಅಂದ್ರೆ ನೆಲದಡಿಯ ಒಳಚರಂಡಿ ಲೈನಿಗೂ ನುಗ್ಗುತ್ತೆ, ಲೈನ್ ತುಂಬಿ ಕೊಳಚೆ ಹಿಂದಕ್ಕೆ ತಳ್ಳುತ್ತೆ, ಎಲ್ಲಿ ಬಾಯಿ ತಗ್ಗಲ್ಲಿದೆಯೋ ಅಲ್ಲೇ ಮೊದಲು ಉಕ್ಕುತ್ತೆ. ನಿಮ್ಮ ಹೊಸ ಬಾತ್‌ರೂಮಿನ ನೀರು ಹೋಗೋ ಜಾಲಿ ರೋಡ್ ಮುಚ್ಚಳಕ್ಕಿಂತ ಕೆಳಗಿದ್ರೆ ಬೀದಿಯ ಕೊಳಚೆ ರೋಡಿಗೆ ಬರೋ ಮುಂಚೆ ನಿಮ್ಮಪ್ಪಾಜಿ ಮಂಚದ ಕೆಳಗೆ ಬರುತ್ತೆ. 2022ರ ಸೆಪ್ಟೆಂಬರಲ್ಲಿ ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೇಲಿ ಮಳೆನೀರು ನುಗ್ಗಿ ಏನಾಯ್ತು ಅಂತ ಎಲ್ರೂ ನೋಡಿದೀವಿ, ಅದು ಕೋಟಿಗಟ್ಟಲೆ ಬೆಲೆಯ ಮನೆಗಳ ಕಥೆ. ಮಂಡಿ ನೋವಿರೋರು ರಾತ್ರಿ ಎರಡು ಗಂಟೇಲಿ ಕತ್ತಲಲ್ಲಿ, ಕೊಳಚೆ ನೀರಲ್ಲಿ ಕಾಲಿಟ್ಟು ಎದ್ದು ಬರ್ತಾರಾ? ಚೇಂಬರಿಗೆ, ಅಂದ್ರೆ ಮನೆ ಕೊಳಚೆ ರೋಡ್ ಲೈನಿಗೆ ಹೋಗೋ ಗುಂಡಿಗೆ, ನೀರನ್ನ ಹೊರಗೆ ಮಾತ್ರ ಬಿಡೋ ನಾನ್ ರಿಟರ್ನ್ ವಾಲ್ವ್ ಹಾಕಿದ್ರೆ ಆಯ್ತಲ್ಲ ಅಂತೀರಿ. ಹಾಕ್ಬೇಕು, ಆದ್ರೆ ಕಸ ಸಿಕ್ಕಿ ಬಾಯಿ ಅರ್ಧ ತೆರೆದೇ ಉಳಿಯುತ್ತೆ, ಆಗಾಗ ಬಿಚ್ಚಿ ತೊಳೀಬೇಕು, ಅದೊಂದನ್ನೇ ನಂಬಿ ವಯಸ್ಸಾದವರನ್ನ ತಗ್ಗಲ್ಲಿ ಮಲಗಿಸ್ಬೇಡಿ.

ಆಮೇಲೆ ಆ ಜಾಗದಲ್ಲಿ ಕೆಳಗೆ ಏನಿದೆ ನೋಡಿ. ನಮ್ಮೂರ ಮನೆಗಳಲ್ಲಿ ಸಂಪು ಇರೋದೇ ಪಾರ್ಕಿಂಗ್ ಅಡಿ, ಪಕ್ಕದಲ್ಲೇ ಚೇಂಬರು. ಎರಡರ ಮುಚ್ಚಳಾನೂ ರೂಮೊಳಗೆ ಸೇರಿಸಿ ಮೇಲೆ ಟೈಲ್ಸ್ ಹಾಕಿ ಮುಚ್ಚಿಬಿಡೋ ಮೇಸ್ತ್ರಿಗಳಿದ್ದಾರೆ, ಲೈನ್ ಕಟ್ಟಿಕೊಂಡ ದಿನ ನೆಲ ಒಡೀಬೇಕು. ಚೇಂಬರ್ ಹೊರಗೆ ಸರಿಸೋಕೆ ಜಾಗ ಇಲ್ಲ ಅಂದ್ರೆ ರೂಮ್ ಬೇಡ, ಅಷ್ಟೇ. ಹೊಸ ಕಮೋಡಿನ ನಾಲ್ಕಿಂಚು ಪೈಪಿಗೆ 40 ಇಂಚಿಗೆ ಒಂದಿಂಚು ಇಳಿಜಾರು ಕೊಡಿ, ಅದಕ್ಕೋಸ್ಕರ ಪಾಯದ ಮಟ್ಟದಲ್ಲಿ ಕಂಬಗಳನ್ನ ಸೇರಿಸೋ ಪ್ಲಿಂತ್ ಬೀಮ್ ಕೊರೆಯೋಕೆ ಯಾರಿಗೂ ಬಿಡ್ಬೇಡಿ.

ಥಂಡಿಗೆ ಕೆಮಿಕಲ್ ಅನ್ನೋ ಮಾತು ಕೇಳಿದ್ರೇನೇ ಸಿಟ್ಟು ಬರುತ್ತೆ. ಒಂದು ಕೋಟ್ ಹೊಡೆದ್ರೆ ಹತ್ತು ವರ್ಷ ಗ್ಯಾರಂಟಿ ಅನ್ನೋರು ಹತ್ತು ತಿಂಗಳಿಗೆ ಫೋನ್ ಎತ್ತಲ್ಲ. ಮಣ್ಣಿನ ತೇವ ಕೆಳಗಿಂದ ಬರುತ್ತೆ, ಪಾರ್ಕಿಂಗ್ ಕಾಂಕ್ರೀಟ್ ಅಡಿ ಸೈಜುಗಲ್ಲೂ ಇರಲ್ಲ, ಪ್ಲಾಸ್ಟಿಕ್ ಶೀಟೂ ಇರಲ್ಲ. ಎರಡಡಿ ಚದರದ ದಪ್ಪ ಪ್ಲಾಸ್ಟಿಕ್ ಹಾಳೆ ನೆಲಕ್ಕಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಎರಡು ದಿನ ಬಿಡಿ, ಎತ್ತಿದಾಗ ಒಳಬದಿ ಹನಿ ಕಟ್ಟಿದ್ರೆ ಅಥವಾ ನೆಲ ಕಪ್ಪಾಗಿದ್ರೆ ಉತ್ತರ ಸಿಕ್ಕಿತು. ಆಗ ನೆಲ ಒಡೆದು ಕಲ್ಲು ಜೋಡಿಸಿ, ಬೆಡ್ ಕಾಂಕ್ರೀಟ್ ಹಾಕಿ, ಮೇಲೆ 250 ಮೈಕ್ರಾನ್ ಶೀಟು ಹಾಸಿ, ಅಂಚು ಗೋಡೆಗೆ ಮಡಚಿ, ಆಮೇಲೆ ನೆಲ. ಇದು ಹದಿನೈದು ದಿನದ ಕೆಲಸ ಅಲ್ಲ. ಬರೀ ಟೈಲ್ಸ್ ಹಾಕಿದ್ರೆ ತೇವ ಗೋಡೆ ಬುಡಕ್ಕೆ ಸರಿದು ಬಿಳಿ ಪುಡಿ ಉದುರೋಕೆ ಶುರುವಾಗುತ್ತೆ.

ಗಾಳಿ ಬೇಕು, ನೆಲದ ಅಳತೆಗೆ ತಕ್ಕಷ್ಟು ದೊಡ್ಡ ಕಿಟಕಿ, ಅದೂ ಹೊರಗೆ ತೆರೆಯೋದು, ಮೆಟ್ಟಿಲ ಕಡೆಗಲ್ಲ. ಮತ್ತೆ ದಯವಿಟ್ಟು, ಆ ಸಣ್ಣ ಬಾತ್‌ರೂಮಲ್ಲಿ ಗ್ಯಾಸ್ ಗೀಸರ್ ಬೇಡವೇ ಬೇಡ. ಗಾಳಿ ಸಾಲದೆ ಗ್ಯಾಸ್ ಅರ್ಧ ಉರಿದ್ರೆ ಬರೋ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಸ್ನಾನಕ್ಕೆ ಹೋದವರು ಅಲ್ಲೇ ಕುಸೀತಾರೆ, ಬೆಂಗಳೂರಲ್ಲೇ ಎಷ್ಟು ಜನ ಹೀಗೆ ಹೋಗಿದ್ದಾರೆ. ಕರೆಂಟ್ ಗೀಸರ್ ಹಾಕ್ಸಿ.

ಇಷ್ಟೆಲ್ಲಾ ಹೇಳಿದ ಮೇಲೆ ನನ್ನ ಅಭಿಪ್ರಾಯ ಕೇಳಿ. ಹಿಂದಿನ ಬಾಡಿಗೆ ಮನೆ ಇದೆಯಲ್ಲ, ಅದಕ್ಕೆ ಪಾಯ ಇದೆ, ಕಿಟಕಿ ಇದೆ, ಬಾತ್‌ರೂಮ್ ಇದೆ. ಬಾಡಿಗೆಯವರಿಗೆ ನೋಟಿಸ್ ಅವಧಿ ಕೊಟ್ಟು ಬಿಡಿಸಿ ಅಪ್ಪಾಜಿನ ಅಲ್ಲಿರಿಸಿ. ಬಾಡಿಗೆ ಹೋಗುತ್ತೆ ನಿಜ, ಆದ್ರೆ ರೂಮಿಗೆ ಅಂತ ಎತ್ತಿಟ್ಟ ದುಡ್ಡು ಉಳಿಯುತ್ತೆ, ಪ್ಲಾನಲ್ಲಿ ಪಾರ್ಕಿಂಗ್ ಅಂತ ತೋರಿಸಿದ್ದನ್ನ ಮುಚ್ಚಿದ ತಪ್ಪೂ ನಿಮ್ಮ ಮೇಲೆ ಬರಲ್ಲ.

ಪ್ರಶ್ನೆ: ಕಂಬಗಳ ಮಧ್ಯೆ ಗೋಡೆ ಕಟ್ಟಿದ್ರೆ ಬಿಲ್ಡಿಂಗಿಗೆ ಭಾರ ಆಗುತ್ತಾ?

ಗೋಡೆಗಿಂತ ಕಂಬ ಕೊರೆಯೋದು ಅಪಾಯ. ಪೈಪು, ವೈರಿಗೆ ಅಂತ ಕಂಬಕ್ಕೆ ಕಟರ್ ಇಡೋರನ್ನ ಅಲ್ಲೇ ನಿಲ್ಲಿಸಿ. 2001ರ ಭುಜ್ ಭೂಕಂಪದಲ್ಲಿ ಅಹಮದಾಬಾದಿನಲ್ಲಿ ಬಿದ್ದ ಎಷ್ಟೋ ಕಟ್ಟಡಗಳು ಕೆಳಗೆ ಬರೀ ಕಂಬದ ಪಾರ್ಕಿಂಗ್ ಇದ್ದವೇ. ಒಂದೇ ಮೂಲೆ ಮುಚ್ಚಿ ಮಿಕ್ಕಿದ್ದು ಖಾಲಿ ಬಿಟ್ರೆ ಅಲುಗಿದಾಗ ಕಟ್ಟಡ ತಿರುಚಿಕೊಳ್ಳುತ್ತೆ, ಸ್ಟ್ರಕ್ಚರಲ್ ಎಂಜಿನಿಯರಿಗೆ ಡ್ರಾಯಿಂಗ್ ತೋರಿಸಿ ಕಟ್ಟಿ.

ಪ್ರಶ್ನೆ: ಈಗ ಕಟ್ಟಿಬಿಟ್ಟು ಆಮೇಲೆ ಅಕ್ರಮ ಸಕ್ರಮದಲ್ಲಿ ಸರಿ ಮಾಡ್ಕೋಬೋದಲ್ಲ?

ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರಲ್ಲೇ ತಡೆ ಕೊಟ್ಟಿದೆ, ಅದನ್ನ ನಂಬಿ ಒಂದು ಇಟ್ಟಿಗೇನೂ ಇಡ್ಬೇಡಿ.

ಪ್ರಶ್ನೆ: ಅಪಾರ್ಟ್‌ಮೆಂಟಲ್ಲಿ ನಮ್ಮ ಪಾರ್ಕಿಂಗ್‌ಗೆ ದುಡ್ಡು ಕೊಟ್ಟಿದೀವಿ, ಡ್ರೈವರಿಗೆ ರೂಮ್ ಮಾಡ್ಬೋದಾ?

ಇಲ್ಲ. ಸ್ಟಿಲ್ಟ್ ಪಾರ್ಕಿಂಗ್, ಅಂದ್ರೆ ಕಟ್ಟಡದ ಕೆಳಗೆ ಕಂಬಗಳ ಮಧ್ಯದ ಪಾರ್ಕಿಂಗ್, ಎಲ್ಲರಿಗೂ ಸೇರಿದ ಜಾಗ, ಬಿಲ್ಡರ್ ಅದನ್ನ ಬೇರೆಯಾಗಿ ಮಾರೋ ಹಾಗಿಲ್ಲ ಅಂತ ಮುಂಬೈ ಕೇಸಲ್ಲಿ 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿರೋ ಮಗ ಗ್ಯಾರೇಜ್ ಮನೆ ಮಾಡೋ ವಿಡಿಯೋ ಕಳಿಸಿದ್ದಾನೆ, ಹಾಗೇ ಮಾಡ್ಲಾ?

ಬೇಡ. ಅಲ್ಲಿನದು ಮರದ ಚೌಕಟ್ಟಿನ ಗೋಡೆ, ಮಾಡೋ ಕೆಲಸಾನೂ ಚಳಿ ತಡೆಯೋಕೆ. 2020ರಿಂದ ಅಲ್ಲಿ ಗ್ಯಾರೇಜನ್ನ ಪ್ರತ್ಯೇಕ ಮನೆ ಮಾಡಿದ್ರೆ ಬದಲಿ ಪಾರ್ಕಿಂಗ್ ತೋರಿಸಿ ಅಂತ ಕೇಳೋ ಹಾಗಿಲ್ಲ, ಆದ್ರೂ ಪರ್ಮಿಟ್ ತಗೊಂಡೇ ಮಾಡ್ಬೇಕು. ವಿಡಿಯೋದಲ್ಲಿ ಆ ಪರ್ಮಿಟ್ ಭಾಗ ತೋರಿಸಲ್ಲ.

ಪ್ರಶ್ನೆ: ಆಗಲೇ ರೂಮ್ ಮಾಡಿ ಆಗಿದೆ, ಎಲೆಕ್ಟ್ರಿಕ್ ಸ್ಕೂಟರ್ ರಾತ್ರಿ ಒಳಗೇ ಚಾರ್ಜಿಗೆ ಹಾಕ್ತೀವಿ, ಪರವಾಗಿಲ್ವಾ?

ಜನ ಮಲಗೋ ರೂಮಲ್ಲಿ, ಅದೂ ಬಾಗಿಲಿಗೆ ಅಡ್ಡವಾಗಿ ಯಾವತ್ತೂ ಬೇಡ. ಇವತ್ತೇ ಪಾಯಿಂಟ್ ಹೊರಗೆ ಹಾಕಿಸ್ಕೊಳ್ಳಿ.