ಮಣ್ಣಲ್ಲಿ ಸಿಕ್ಕ ಬೆಳ್ಳಿ ರೂಪಾಯಿನ ಹುಣಸೆಹಣ್ಣು ಹಾಕಿ ತಿಕ್ಕಬಹುದಾ?

ಪ್ರಶ್ನೆ: ನಮಸ್ಕಾರ ಸರ್, ನಮ್ದು ಸಕಲೇಶಪುರದ ಹತ್ರ ಕಾಫಿ ತೋಟ. ತೋಟದೊಳಗೆ ಹಳೇ ಲೈನ್ ಮನೆ ಬಿದ್ದೋಗಿರೋ ಜಾಗದಲ್ಲಿ ಮೆಟಲ್ ಡಿಟೆಕ್ಟರ್ ಓಡಿಸ್ದಾಗ ಮೂರು ಒಂದ್ರೂಪಾಯಿ ನಾಣ್ಯ ಸಿಕ್ತು. 1913, 1919ರವು ಪೂರ್ತಿ ಕಪ್ಪು, 1944ರದ್ದು ಹಸಿರು ಹಿಡಿದಿದೆ. ಅಮ್ಮ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕು, ವರಮಹಾಲಕ್ಷ್ಮಿಗೆ ಇಡೋಣ ಅಂತಾರೆ. ಯೂಟ್ಯೂಬಲ್ಲಿ ಅಡುಗೆ ಸೋಡ, ಫಾಯಿಲ್ ಅಂತ ತೋರಿಸ್ತಾರೆ. ಯಾವ್ದು ಮಾಡ್ಲಿ? ಫ್ರೆಂಡ್ಸ್ ಬೇಲೂರು, ಹಳೇಬೀಡು ಕಡೆ ಹುಡುಕೋಣ ಬಾ ಅಂತಿದಾರೆ, ಹೋಗ್ಬಹುದಾ?

ಉತ್ತರ: ಅಮ್ಮ ಹೇಳಿದ್ದು ಬೆಳ್ಳಿ ಲೋಟ, ದೀಪಕ್ಕೆ ಸರಿ, ನಾಣ್ಯಕ್ಕೆ ಬೇಡ್ವೇ ಬೇಡ. ನಿಮ್ಮ 1913ರ ನಾಣ್ಯದಲ್ಲಿ ಐದನೇ ಜಾರ್ಜ್ ರಾಜನ ಎದೆ ಮೇಲೆ ನೋಡಿ, ಹಾರದಲ್ಲಿ ಒಂದು ಪುಟ್ಟ ಆನೆ ಇರತ್ತೆ. 1911ರಲ್ಲಿ ಮೊದಲು ಬಂದ ನಾಣ್ಯದಲ್ಲಿ ಅದರ ಸೊಂಡಿಲು ಎಷ್ಟು ಮೋಟಾಗಿತ್ತು ಅಂದ್ರೆ ಜನ ಅದನ್ನ ಹಂದಿ ಅಂದ್ಬಿಟ್ರು, ಗಲಾಟೆ ಆಗಿ 1912ರಿಂದ ಸೊಂಡಿಲು ಸರಿ ಮಾಡಿದ್ರು. ಈಗ ವಿಭೂತಿ ಹಾಕಿ ನಾಲ್ಕು ಸಲ ಗಸಗಸ ತಿಕ್ಕಿದ್ರೆ ಸವೆಯೋದು ಮೊದ್ಲು ಆ ಥರ ಉಬ್ಬಿರೋ ಸಣ್ಣ ಕೆಲಸಾನೇ, ಆಮೇಲೆ ಆನೆನೂ ಇಲ್ಲ ಹಂದಿನೂ ಇಲ್ಲ. ಟೂತ್‌ಪೇಸ್ಟೂ ಅಷ್ಟೇ, ಅದೂ ಉಜ್ಜೋ ಪುಡಿನೇ.

ಕಪ್ಪು ಅಂದ್ರೆ ಕೊಳೆ ಅಲ್ಲ. ಬೆಳ್ಳಿಗೆ ಗಂಧಕ ತಾಗಿ ಆಗಿರೋ ಸಲ್ಫೈಡ್ ಪದರ, ಅಂದ್ರೆ ಅದ್ರೊಳಗೂ ನಿಮ್ಮ ನಾಣ್ಯದ ಬೆಳ್ಳಿನೇ ಇದೆ, ಉಜ್ಜಿ ತೆಗೆದಷ್ಟೂ ಬೆಳ್ಳಿ ಹೋಗತ್ತೆ. ನಾಣ್ಯ ಸಂಗ್ರಹ ಮಾಡೋರು ತಿಕ್ಕಿ ಹೊಳಪು ಮಾಡಿರೋ ಹಳೇ ನಾಣ್ಯ ನೋಡಿದ್ರೆ ಮೂಗು ಮುರಿಯೋದೂ ಇದಕ್ಕೇನೆ.

ನೀವು ತೆಗೀಬೇಕಾಗಿರೋದು ಮಣ್ಣು ಮಾತ್ರ. ಬ್ಯಾಟರಿಗೆ ಹಾಕ್ತಾರಲ್ಲ ಡಿಸ್ಟಿಲ್ಡ್ ವಾಟರ್, ಅದನ್ನ ಪ್ಲಾಸ್ಟಿಕ್ ಡಬ್ಬಿಲಿ ಹಾಕಿ ಒಂದೊಂದು ನಾಣ್ಯನೂ ಬೇರೆ ಬೇರೆ ನೆನೆಸಿ, ನೀರು ಕೆಂಪಗಾದ ಹಾಗೆ ಬದಲಾಯಿಸ್ತಾ ಇರಿ, ಅವಸರ ಬೇಡ, ಎರಡು ಮೂರು ದಿನ ಆದ್ರೂ ಪರ್ವಾಗಿಲ್ಲ. ಅಕ್ಷರದ ಸಂದಿಲಿ ಇನ್ನೂ ಮಣ್ಣು ಕೂತಿದ್ರೆ ನೆನೆದ ಬಿದಿರು ಕಡ್ಡಿ ತುದಿಲಿ ಮೆಲ್ಲಗೆ ಎಬ್ಬಿಸಿ, ಪಿನ್ನು, ಬ್ಲೇಡು ಮುಟ್ಲೇಬೇಡಿ. ಹತ್ತಿ ಬಟ್ಟೆ ಮೇಲಿಟ್ಟು ಒತ್ತಿ ಒಣಗಿಸಿ, ಒರೆಸ್ಬೇಡಿ. ಹಿಡ್ಕೊಳೋದು ಅಂಚಲ್ಲಿ ಮಾತ್ರ.

ಸೋಡ, ಫಾಯಿಲ್ ವಿಷ್ಯ. ಬಿಸಿನೀರಲ್ಲಿ ಅಲ್ಯೂಮಿನಿಯಂ ಫಾಯಿಲು ಸಲ್ಫೈಡಿಂದ ಗಂಧಕ ಬಿಡಿಸತ್ತೆ, ಕೊಳೆತ ಮೊಟ್ಟೆ ವಾಸನೆ ಬರೋದು ಅದಕ್ಕೇ. ತಿಕ್ಕೋದಕ್ಕಿಂತ ವಾಸಿ, ಆದ್ರೆ ಮಣ್ಣಲ್ಲಿ ವರ್ಷಗಟ್ಲೆ ಇದ್ದ ನಾಣ್ಯಕ್ಕೆ ಮಾಡಿದ್ರೆ ಕಪ್ಪು ಹೋಗಿ ಕೆಳಗಿರೋ ಗುಳಿಗಳೆಲ್ಲ ಎದ್ದು ಕಾಣತ್ತೆ, ಸತ್ತ ಬಿಳುಪು ಬರತ್ತೆ. ನಾನಾದ್ರೆ ಮಾಡಲ್ಲ.

1944ರದ್ದು ಹಸಿರಾಗಿರೋದಕ್ಕೆ ಕಾರಣ ತಾಮ್ರ. 1940ಕ್ಕೆ ಮುಂಚೆ ರೂಪಾಯಿಲಿ ಶೇ 91.7 ಬೆಳ್ಳಿ ಇತ್ತು, ಯುದ್ಧದ ಟೈಮಲ್ಲಿ ಅದನ್ನ ಶೇ 50ಕ್ಕೆ ಇಳಿಸಿ ಉಳಿದಿದ್ದಕ್ಕೆ ತಾಮ್ರ, ನಿಕ್ಕಲ್, ಸತು ಸೇರಿಸಿದ್ರು. ನಮ್ಮ ಮಲೆನಾಡಿನ ಹುಳಿ ಮಣ್ಣು, ಆ ಮಳೆ, ತಾಮ್ರ ಹೊರಗೆ ಬರದೆ ಇರತ್ತಾ? ಅದಕ್ಕೂ ಡಿಸ್ಟಿಲ್ಡ್ ವಾಟರೇ. ಹುಣಸೆಹಣ್ಣಿನ ಹುಳಿ ಒಳಗಿನ ತಾಮ್ರನೂ ತಿನ್ನತ್ತೆ. ಹಿಂದುಗಡೆ ಕೆಳಗೆ ಇಂಗ್ಲಿಷಿನ ಪುಟ್ಟ ಎಲ್ ಅಕ್ಷರ ಇದ್ಯಾ ನೋಡಿ, ಇದ್ರೆ ಅದು ಲಾಹೋರ್ ಟಂಕಸಾಲೆದು.

ಹಬ್ಬಕ್ಕೆ ಇಡ್ಲೇಬೇಕು ಅಂದ್ರೆ ನಾಣ್ಯ ಇಡೋಕೇ ಅಂತ ಬರೋ ಪ್ಲಾಸ್ಟಿಕ್ ಕ್ಯಾಪ್ಸೂಲಲ್ಲಿ (ಮುಚ್ಚಳದ ಪುಟ್ಟ ಡಬ್ಬಿ) ಹಾಕಿಡಿ, ಕುಂಕುಮ ಹೊರಗಡೆ ಬೀಳ್ಲಿ. ಅಮ್ಮನೂ ಖುಷಿ. ರಬ್ಬರ್ ಬ್ಯಾಂಡ್ ಮಾತ್ರ ಸುತ್ಬೇಡಿ, ಅದ್ರಲ್ಲೂ ಗಂಧಕ ಇರತ್ತೆ.

ಆದ್ರೆ ಇದೆಲ್ಲಕ್ಕಿಂತ ಮುಂಚೆ ಒಂದು ಕೆಲಸ ಇದೆ. ನಾಣ್ಯ ಸಿಕ್ಕ ಸ್ಥಿತಿಲೇ ಎರಡೂ ಕಡೆ ಫೋಟೋ ತೆಗೀರಿ, ಎಲ್ಲಿ, ಎಷ್ಟು ಆಳದಲ್ಲಿ ಸಿಕ್ತು ಅಂತ ಬರ್ಕೊಳಿ. ನಮ್ಮ ರಾಜ್ಯದಲ್ಲಿ 1962ರ ನಿಧಿ ಕಾಯ್ದೆ ಇದೆ, ನೆಲದಲ್ಲಿ ಹುದುಗಿರೋ ಬೆಲೆಬಾಳೋ ವಸ್ತು ಸಿಕ್ರೆ ಡಿಸಿ ಅವ್ರಿಗೆ ಬರವಣಿಗೆಲಿ ತಿಳಿಸ್ಬೇಕು, ಸ್ವಂತ ತೋಟ ಅನ್ನೋದು ನೆಪ ಆಗಲ್ಲ. ಮೂರೇ ನಾಣ್ಯ ಅಲ್ವಾ ಅಂತ ಸುಮ್ನಿರ್ಬೇಡಿ, ಒಂದು ಅರ್ಜಿ ಕೊಟ್ಟು ಸ್ವೀಕೃತಿ ಇಸ್ಕೊಳಿ. ಅವ್ರ ಉತ್ತರ ಬರೋವರೆಗೂ ಮಾರೋದು, ಕರಗಿಸೋದು ಏನೂ ಬೇಡ.

ಬೇಲೂರು, ಹಳೇಬೀಡು ಅಂತೂ ಕನಸಲ್ಲೂ ಬೇಡ. ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೊಂದು 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಮಷೀನು, ಗುದ್ಲಿ ಹಿಡ್ಕೊಂಡು ನಿಂತ್ರೆ ನಿಧಿಗಳ್ಳರು ಅಂತಲೇ ಹಿಡ್ಕೊಳೋದು, ಮತ್ತೆ ಅದ್ರಲ್ಲಿ ತಪ್ಪೇನೂ ಇಲ್ಲ. ಫ್ರೆಂಡ್ಸಿಗೂ ಇದೇ ಹೇಳಿ.

ಕೊನೆಗೆ ನಿಮ್ಮ ಮಷೀನಿನ ಬಗ್ಗೆ. ಕೆಂಪು ಜಂಬಿಟ್ಟಿಗೆ ಮಣ್ಣಲ್ಲಿ ಕಬ್ಬಿಣದ ಅಂಶ ಜಾಸ್ತಿ, ಡಿಟೆಕ್ಟರ್ ಸುಮ್ಸುಮ್ನೆ ಕೂಗತ್ತೆ, ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿಗೇ ಕೂಗದ ಹಾಗೆ ಮಷೀನ್ ಹೊಂದಿಸೋದು) ಮಾಡ್ಕೊಂಡು ಸೆನ್ಸಿಟಿವಿಟಿ ಒಂಚೂರು ಇಳಿಸಿ. ಆಮೇಲೂ ಹಳೇ ತೋಟದಲ್ಲಿ ಜಾಸ್ತಿ ಸಿಗೋದು ಕೋವಿ ತೋಟಾದ ಹಿತ್ತಾಳೆ ತಳ, ಬೀರ್ ಬಾಟಲಿ ಮುಚ್ಚಳನೇ.